ಜರ್ಮನಿಯಲ್ಲಿ ಮಾಸ್ಟರ್ಸ್: ಮನೆ ಅಡವಿಟ್ಟು ಸಾಲವೋ, ಅಪ್ಪನ ಠೇವಣಿಯೋ?

ನಿರ್ವಾಹಕ:
ಈ ವಾರದ ಚರ್ಚೆಗೆ ಒಂದು ಮನೆಯ ಲೆಕ್ಕ ಇಡುತ್ತಿದ್ದೇನೆ, ಹೆಸರು ಬಿಟ್ಟು. ತುಮಕೂರಿನ ಹುಡುಗಿ, ಮೆಕ್ಯಾನಿಕಲ್ ಬಿಇ ಮುಗಿದಿದೆ. ಡಾರ್ಮ್‌ಸ್ಟಾಟ್ ಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯ, ಎರಡೂ ಕಡೆ ಸೀಟು ಸಿಕ್ಕಿದೆ. ಅಕ್ಟೋಬರ್‌ಗೆ ತರಗತಿ ಶುರು. ತಂದೆ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಪಿಂಚಣಿ ಬರುತ್ತದೆ. ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ 12 ಲಕ್ಷ ಎಫ್‌ಡಿ ಇಟ್ಟಿದ್ದಾರೆ. 30-40 ಸೈಟಿನಲ್ಲಿ ಸ್ವಂತ ಮನೆ. ಊರಲ್ಲಿ ಎರಡೆಕರೆ ಜಮೀನು, ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದೆ. ಮನೆಯಲ್ಲಿ ಮೂರು ಮಾತು ನಡೆದಿವೆ: ಎಫ್‌ಡಿ ಮುರಿಯೋದು, ಮನೆ ಪತ್ರ ಇಟ್ಟು ಸರ್ಕಾರಿ ಬ್ಯಾಂಕಿನಲ್ಲಿ 20 ಲಕ್ಷ ತೆಗೆಯೋದು, ಅಡಮಾನವಿಲ್ಲದೆ ಖಾಸಗಿ ಫೈನಾನ್ಸ್ ಕಂಪನಿಯಿಂದ ತೆಗೆಯೋದು. ಯಾವುದು ಸರಿ, ಯಾಕೆ? ದಯವಿಟ್ಟು ಅಂಕಿ ಸಮೇತ ಬರೆಯಿರಿ. ಯೂರೋಗೆ 100 ರೂಪಾಯಿ ಅಂತ ಎಲ್ಲರೂ ಒಂದೇ ಲೆಕ್ಕ ಹಿಡಿಯೋಣ.

ಮೈಸೂರು ಮಾರ್ಗದರ್ಶಿ:
ನನ್ನ ಮತ ಖಾಸಗಿ ಫೈನಾನ್ಸ್ ಕಂಪನಿಗೆ. ಕಾರಣ ಒಂದೇ, ಸಮಯ. ಪ್ರವೇಶ ಪತ್ರ ಬರೋದು ಮೇ-ಜೂನ್‌ನಲ್ಲಿ. ಬ್ಲಾಕ್ಡ್ ಅಕೌಂಟಿಗೆ, ಅಂದರೆ ಒಂದು ವರ್ಷದ ಖರ್ಚಿನ ಹಣ ಮುಂಚೆಯೇ ಇಟ್ಟು ಅಲ್ಲಿ ಹೋದ ಮೇಲೆ ತಿಂಗಳು ತಿಂಗಳು ಪಡೆಯುವ ಖಾತೆಗೆ, ದುಡ್ಡು ಹಾಕಿದ ಮೇಲೇ ವೀಸಾ ಫೈಲು ಪೂರ್ತಿಯಾಗೋದು. ಸರ್ಕಾರಿ ಬ್ಯಾಂಕಿನಲ್ಲಿ ಲೀಗಲ್ ಒಪೀನಿಯನ್, ವ್ಯಾಲ್ಯುಯೇಷನ್, ಅಡಮಾನ ಪತ್ರದ ನೋಂದಣಿ ಅಂತ ಒಂದೊಂದು ಮೇಜಿನಲ್ಲೂ ಒಂದೊಂದು ವಾರ ಹೋಗುತ್ತದೆ. ಫೈನಾನ್ಸ್ ಕಂಪನಿಗಳು ಹತ್ತು ದಿನದಲ್ಲಿ ಮಂಜೂರಾತಿ ಪತ್ರ ಕೊಡುತ್ತವೆ, ಮಾರ್ಜಿನ್ (ನಮ್ಮ ಕೈಯಿಂದ ಹಾಕಬೇಕಾದ ಪಾಲು) ಕೇಳೋದಿಲ್ಲ, ಬ್ಲಾಕ್ಡ್ ಅಕೌಂಟ್ ಅಂದರೆ ಏನು ಅಂತ ಮ್ಯಾನೇಜರಿಗೆ ಪಾಠ ಹೇಳಬೇಕಾಗಿಲ್ಲ. ಎರಡು ಪರ್ಸೆಂಟ್ ಬಡ್ಡಿ ಉಳಿಸೋಕೆ ಹೋಗಿ ಒಂದು ಸೆಮಿಸ್ಟರ್ ಕಳೆದುಕೊಂಡರೆ ನಷ್ಟ ಯಾವುದು ದೊಡ್ಡದು?

ಶಾಖೆಯ ಹಳಬ:
ಸಮಯದ ಮಾತು ಒಪ್ಪುತ್ತೇನೆ, ಲೆಕ್ಕ ಒಪ್ಪೋದಿಲ್ಲ. ಫೈನಾನ್ಸ್ ಕಂಪನಿಯಲ್ಲಿ 15 ಲಕ್ಷಕ್ಕೆ 12.5% ಅಂದುಕೊಳ್ಳಿ. ಬಹುತೇಕ ಕಂಪನಿಗಳು ಓದುವಾಗಲೇ ಪೂರ್ತಿ ಬಡ್ಡಿಯನ್ನೋ ಅದರ ಒಂದು ಭಾಗವನ್ನೋ ತಿಂಗಳು ತಿಂಗಳು ಕೇಳುತ್ತವೆ. ಪೂರ್ತಿ ಬಡ್ಡಿಯಾದರೆ ತಿಂಗಳಿಗೆ 15,625 ರೂಪಾಯಿ, ಅದೂ ಪಿಂಚಣಿಯಿಂದ. ಪ್ರೊಸೆಸಿಂಗ್ ಶುಲ್ಕ 1% ಅಂದರೂ ಜಿಎಸ್‌ಟಿ ಸೇರಿ 17,700. ಇದರ ಮೇಲೆ, ಗಳಿಕೆ ನಿಂತ ನಿವೃತ್ತರನ್ನು ಸಹಸಾಲಗಾರರಾಗಿ ಒಪ್ಪೋಕೆ ಅವರು ಹಿಂದೆಮುಂದೆ ನೋಡುತ್ತಾರೆ. ಸಂಬಳದ ಚಿಕ್ಕಪ್ಪನನ್ನೋ ಮಾವನನ್ನೋ ಕರೆತನ್ನಿ ಅಂತಾರೆ. ಆಗ ಇನ್ನೊಂದು ಮನೆಯ ಸಿಬಿಲ್ ಕೂಡ ಈ ಸಾಲಕ್ಕೆ ಕಟ್ಟುಬೀಳುತ್ತದೆ.

ಸರ್ಕಾರಿ ಬ್ಯಾಂಕಿನ ಕ್ರಮ ಬೇರೆ. ಐಬಿಎ, ಅಂದರೆ ಬ್ಯಾಂಕುಗಳ ಸಂಘ, ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿಲ್ಲ. ಅಷ್ಟೂ ಕಾಲ ಸರಳ ಬಡ್ಡಿ. ಮರುಪಾವತಿಗೆ 15 ವರ್ಷದವರೆಗೆ ಅವಕಾಶ. ಎಸ್‌ಬಿಐನ ಗ್ಲೋಬಲ್ ಎಡ್-ವಾಂಟೇಜ್ ಅನ್ನೋ ವಿದೇಶಿ ಓದಿನ ಸಾಲದಲ್ಲಿ ಮಾತ್ರ ಓದು ಮುಗಿದ ಮೇಲೆ ಆರೇ ತಿಂಗಳು, ಅದನ್ನು ನೋಡಿಕೊಂಡು ಸಹಿ ಮಾಡಬೇಕು. ನನ್ನ ಸಲಹೆ: ಮನೆ ಪತ್ರ ಇಟ್ಟು 20 ಲಕ್ಷ ಮಂಜೂರು ಮಾಡಿಸಿ, ಬೇಕಾದಷ್ಟೇ ಎತ್ತಿ. ಬಡ್ಡಿ ಬೀಳೋದು ಎತ್ತಿದ ಹಣಕ್ಕೆ, ಮಂಜೂರಾದ ಹಣಕ್ಕಲ್ಲ. ಎಫ್‌ಡಿ ಮುಟ್ಟಬೇಡಿ. ಅರವತ್ತು ದಾಟಿದ ಗಂಡ-ಹೆಂಡತಿಗೆ ಆಸ್ಪತ್ರೆ ಖರ್ಚು ಯಾವಾಗ ಬರುತ್ತೆ ಅಂತ ಯಾರಿಗೆ ಗೊತ್ತು? ಕೈಯಲ್ಲಿ ನಗದು ಇರಲೇಬೇಕು.

ಕಲ್ಪತರು ಲೆಕ್ಕಿಗ:
ಹಳಬರೇ, 20 ಲಕ್ಷ ಯಾಕೆ? ಮೊದಲು ಯಾವ ತಿಂಗಳಲ್ಲಿ ಎಷ್ಟು ಬೇಕು ಅಂತ ಬರೆಯೋಣ. ಒಟ್ಟು ಖರ್ಚು ಹಿಡಿದು ಸಾಲ ತೆಗೆಯೋದರಿಂದಲೇ ಜನ ಬೇಕಾದ್ದಕ್ಕಿಂತ ಹೆಚ್ಚು ಹೊರೆ ಹೊರುತ್ತಾರೆ.

ನಮ್ಮ ಪದವಿ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರದ 18,000 ರೂಪಾಯಿ, ಜರ್ಮನ್ ವಿಶ್ವವಿದ್ಯಾಲಯಗಳ ಅರ್ಜಿ ಸಂಸ್ಥೆ ಯೂನಿ-ಅಸಿಸ್ಟ್ ಮೂಲಕ ಹಾಕಿದ್ದರೆ ಮೊದಲ ಅರ್ಜಿಗೆ 75, ನಂತರದ ಪ್ರತಿಯೊಂದಕ್ಕೂ 30 ಯೂರೋ, ಇವೆಲ್ಲ ಆಗಲೇ ಹೋಗಿವೆ. ಇನ್ನು ಬ್ಲಾಕ್ಡ್ ಅಕೌಂಟ್: 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ರೂಪಾಯಿಯಲ್ಲಿ 11.9 ಲಕ್ಷ, ಒಂದೇ ಕಂತಿನಲ್ಲಿ. ವೀಸಾ ಶುಲ್ಕ 75 ಯೂರೋ. ವಿಮಾನಕ್ಕೆ ಐವತ್ತು-ಅರವತ್ತು ಸಾವಿರ. ಕೈಯಲ್ಲಿ ಒಯ್ಯಲು 2,000 ಯೂರೋ. ಎಲ್ಲ ಸೇರಿ ಆಗಸ್ಟ್ ಒಳಗೆ ಸುಮಾರು 15 ಲಕ್ಷ. ಎರಡನೇ ವರ್ಷದ ದುಡ್ಡು ಅದರ ಮುಂದಿನ ಅಕ್ಟೋಬರ್ ತನಕ ಬೇಕಿಲ್ಲ.

ಸರ್ಕಾರದ ಕ್ರೆಡಿಟ್ ಗ್ಯಾರಂಟಿ ಇರುವುದರಿಂದ 7.5 ಲಕ್ಷದವರೆಗೆ ಸರ್ಕಾರಿ ಬ್ಯಾಂಕುಗಳು ಅಡಮಾನವನ್ನೂ ಕೇಳಬಾರದು, ಮೂರನೆಯವರ ಜಾಮೀನನ್ನೂ ಕೇಳಬಾರದು. ಹಾಗಾಗಿ 7.5 ಲಕ್ಷ ಸಾಲ, ಉಳಿದ 7.5 ಎಫ್‌ಡಿಯಿಂದ. ಮನೆ ಪತ್ರ ಬೀರುವಿನಲ್ಲೇ ಇರಲಿ. 10% ಬಡ್ಡಿಯಲ್ಲಿ ಮೂರು ವರ್ಷ ಒಂದು ರೂಪಾಯಿ ಕಟ್ಟದಿದ್ದರೂ 7.5 ಲಕ್ಷ 9.75 ಆಗುತ್ತದೆ. ಹತ್ತು ವರ್ಷದ ಕಂತು 12,900ರ ಆಸುಪಾಸು. ತಿಂಗಳಿಗೆ 6,250 ಬಡ್ಡಿಯನ್ನು ಪಿಂಚಣಿಯಿಂದ ಕಟ್ಟುತ್ತಾ ಹೋದರೆ ಅಸಲು ಹಾಗೇ ನಿಲ್ಲುತ್ತದೆ, ಆ ಅವಧಿಗೆ ಬಡ್ಡಿಯಲ್ಲಿ 1% ರಿಯಾಯಿತಿಯೂ ಸಿಗುತ್ತದೆ.

ಶಾಖೆಯ ಹಳಬ:
ಮೊದಲ ವರ್ಷಕ್ಕೆ ಸರಿ. ಎರಡನೇ ವರ್ಷ ಹುಡುಗಿಗೆ ಕೆಲಸ ಸಿಗದಿದ್ದರೆ? ಆಗ ಬಂದು ಇನ್ನೂ ಎಂಟು ಲಕ್ಷ ಕೊಡಿ ಅಂದರೆ ಶಾಖೆ ಅದನ್ನು ಹೊಸ ಸಾಲದ ಹಾಗೇ ನೋಡುತ್ತದೆ. 7.5 ದಾಟಿದ ಕೂಡಲೇ ಅಡಮಾನ ಬೇಕು. ವಿದ್ಯಾರ್ಥಿ ಅಲ್ಲಿ, ಪತ್ರಗಳು ಇಲ್ಲಿ, ಸಹಿಗೆ ಕಾನ್ಸುಲೇಟಿನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಬೇಕು. ಮುಂಚೆಯೇ ದೊಡ್ಡ ಮಂಜೂರಾತಿ ಇಟ್ಟುಕೊಳ್ಳಿ ಅನ್ನೋದು ಇದಕ್ಕೇ.

ಕಲ್ಪತರು ಲೆಕ್ಕಿಗ:
ಆ ಅಪಾಯ ಇದೆ, ಅಲ್ಲಗಳೆಯೋದಿಲ್ಲ. ಎಫ್‌ಡಿಯಲ್ಲಿ ಉಳಿಯುವ 4.5 ಲಕ್ಷದ ಮೇಲೆ ಓವರ್‌ಡ್ರಾಫ್ಟ್ (ಎಫ್‌ಡಿ ಮುರಿಯದೆ ಅದರ ಮೇಲೆ ಎತ್ತುವ ಸಾಲ) ಇಟ್ಟುಕೊಂಡರೆ ಎಫ್‌ಡಿ ಬಡ್ಡಿಗಿಂತ ಸುಮಾರು 1% ಹೆಚ್ಚಿನ ಬಡ್ಡಿಗೆ ಹಣ ಸಿಗುತ್ತದೆ, ಒಂದು ದಿನದ ಕೆಲಸ. ಅದು ನಾಲ್ಕೈದು ತಿಂಗಳ ಖರ್ಚು. ಆದರೆ ಮೂಲ ಪ್ರಶ್ನೆ ಅಲ್ಲಿನ ಕೆಲಸದ್ದು. ಅಲ್ಲಿರುವವರು ಹೇಳಬೇಕು.

ಮೈನ್ ನದಿ ಕನ್ನಡಿಗ:
ಹೇಳುತ್ತೇನೆ. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಕೆಲಸದ ದುಡ್ಡನ್ನು ಲೆಕ್ಕಕ್ಕೇ ಹಿಡಿಯಬೇಡಿ. ಪರೀಕ್ಷೆಗಳು ಕಠಿಣ, ಭಾಷೆ ಬರೋದಿಲ್ಲ, ಒಳ್ಳೆಯ ವೆರ್ಕ್‌ಸ್ಟುಡೆಂಟ್ (ಓದುತ್ತಾ ಮಾಡುವ ಅರೆಕಾಲಿಕ) ಕೆಲಸಕ್ಕೆ ಕಂಪನಿಗಳು ಇಲ್ಲಿನ ಅಂಕಪಟ್ಟಿ ಕೇಳುತ್ತವೆ. ಎರಡನೇ ವರ್ಷದಿಂದ ಚಿತ್ರ ಬೇರೆ. ಕನಿಷ್ಠ ವೇತನ 2025ರಲ್ಲಿ ಗಂಟೆಗೆ 12.82 ಯೂರೋ, 2026ರ ಜನವರಿಯಿಂದ 13.90. ವಾರಕ್ಕೆ 20 ಗಂಟೆ ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 1,200. ವೆರ್ಕ್‌ಸ್ಟುಡೆಂಟ್ ಒಪ್ಪಂದದಲ್ಲಿ ಪಿಂಚಣಿ ನಿಧಿಯ 9.3% ಮಾತ್ರ ಕಡಿತ, ಆದಾಯ ತೆರಿಗೆಗೆ ವರ್ಷಕ್ಕೆ 12,000 ಯೂರೋಗಿಂತ ಸ್ವಲ್ಪ ಹೆಚ್ಚು ವಿನಾಯಿತಿ ಇದೆ. ಕೈಗೆ 1,050ರಿಂದ 1,100 ಬರುತ್ತದೆ. ಡಾರ್ಮ್‌ಸ್ಟಾಟಿನಲ್ಲಿ ವಿದ್ಯಾರ್ಥಿ ನಿಲಯದ ಕೋಣೆ ಸಿಕ್ಕಿದರೆ ಅಷ್ಟರಲ್ಲಿ ಬದುಕಬಹುದು. ಖಾಸಗಿ ಬಾಡಿಗೆಯಾದರೆ ಬಿಗಿ.

ನಿಯಮವೂ ಗೊತ್ತಿರಲಿ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಪಠ್ಯಕ್ರಮದಲ್ಲೇ ಕಡ್ಡಾಯವಿರುವ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಸೇರೋದಿಲ್ಲ. ಆದರೆ ಕಡ್ಡಾಯ ಇಂಟರ್ನ್‌ಶಿಪ್‌ಗೆ ಕನಿಷ್ಠ ವೇತನವೂ ಅನ್ವಯವಾಗೋದಿಲ್ಲ, ಐಚ್ಛಿಕವಾದದ್ದು ಮೂರು ತಿಂಗಳು ದಾಟಿದರೆ ಅನ್ವಯವಾಗುತ್ತದೆ. ವಿದ್ಯಾರ್ಥಿ ಪರವಾನಗಿಯಲ್ಲಿ ಫ್ರೀಲಾನ್ಸ್ ಕೆಲಸ ಅನುಮತಿ ಇಲ್ಲದೆ ಮಾಡುವ ಹಾಗಿಲ್ಲ. ಬೆಂಗಳೂರಿನ ಕಂಪನಿಗೆ ಇಲ್ಲಿಂದ ಇನ್‌ವಾಯ್ಸ್ ಕಳಿಸುತ್ತಾ ಕೂತರೆ ಪರವಾನಗಿ ನವೀಕರಣದ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ.

ಆ ನವೀಕರಣವೇ ಎಲ್ಲರೂ ಮರೆಯೋದು. ಅವಧಿ ಮುಗಿಯುವಾಗ ವಿದೇಶಿಯರ ಕಚೇರಿ ಮತ್ತೆ ಹಣದ ಪುರಾವೆ ಕೇಳುತ್ತದೆ. ಕೆಲಸದ ಒಪ್ಪಂದ, ಸಂಬಳದ ಚೀಟಿ, ಖಾತೆಯಲ್ಲಿ ಉಳಿದ ಹಣ ಎಲ್ಲ ಸೇರಿಸಿ ತೋರಿಸಬಹುದು. ಏನೂ ಇಲ್ಲದಿದ್ದರೆ ಮತ್ತೆ ಬ್ಲಾಕ್ಡ್ ಅಕೌಂಟ್ ತುಂಬಿಸಬೇಕು. ಹಳಬರು ಹೇಳಿದ ಎರಡನೇ ವರ್ಷದ ಭಯ ಸುಳ್ಳಲ್ಲ.

ಮೈಸೂರು ಮಾರ್ಗದರ್ಶಿ:
2,000 ಯೂರೋ ಕೈಯಲ್ಲಿ ಒಯ್ಯೋದು ಯಾಕೆ? ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಬರುತ್ತಲ್ಲ.

ಮೈನ್ ನದಿ ಕನ್ನಡಿಗ:
ಇಳಿದ ದಿನ ಬರೋದಿಲ್ಲ. ಮೊದಲು ವಿಳಾಸ ನೋಂದಣಿ, ಅದಕ್ಕೆ ಮನೆ ಮಾಲೀಕರ ಪತ್ರ, ಆಮೇಲೆ ದಿನಬಳಕೆಯ ಬ್ಯಾಂಕ್ ಖಾತೆ, ಆಮೇಲೆ ಬ್ಲಾಕ್ಡ್ ಅಕೌಂಟ್ ಸಂಸ್ಥೆಗೆ ದಾಖಲೆ. ಅಕ್ಟೋಬರ್‌ನಲ್ಲಿ ನಗರ ಕಚೇರಿಯ ಅಪಾಯಿಂಟ್‌ಮೆಂಟಿಗೇ ವಾರಗಟ್ಟಲೆ ಕಾಯಬೇಕು. ಅಷ್ಟರೊಳಗೆ ಬಾಡಿಗೆ ಮುಂಗಡ ಕೊಡಬೇಕು, ಕಾನೂನಿನ ಪ್ರಕಾರ ಅದು ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಇರಬಹುದು. ಮೊದಲ ತಿಂಗಳ ಬಾಡಿಗೆ, ವಿಶ್ವವಿದ್ಯಾಲಯಕ್ಕೆ ಕಟ್ಟುವ ಸೆಮಿಸ್ಟರ್ ವಂತಿಗೆ, ಆರೋಗ್ಯ ವಿಮೆ ತಿಂಗಳಿಗೆ 140ರಿಂದ 150 ಯೂರೋ, ವಾಸದ ಪರವಾನಗಿಗೆ ಸುಮಾರು 100. ಎಲ್ಲ ಒಟ್ಟಿಗೆ ಬೀಳುತ್ತವೆ. ಸಾಲ ಮಂಜೂರು ಮಾಡಿಸುವಾಗ ಈ 2,000 ಯೂರೋವನ್ನೂ ಒಂದು ಬಾಬ್ತಾಗಿ ಬರೆಸಿಕೊಳ್ಳಬೇಕು.

ಶಾಖೆಯ ಹಳಬ:
ಬರೆಸಿಕೊಳ್ಳೋದರಲ್ಲೇ ಅರ್ಧ ಕೆಲಸ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜರ್ಮನಿಯ ಅರ್ಜಿ ನಮ್ಮ ಶಾಖೆಗಳಲ್ಲಿ ಸಿಕ್ಕಿಹಾಕಿಕೊಳ್ಳೋದು ಎರಡು ಕಡೆ.

ಮೊದಲನೆಯದು, ಫೀ ಸ್ಟ್ರಕ್ಚರ್. ಡಾರ್ಮ್‌ಸ್ಟಾಟಿನಲ್ಲಿ ಬೋಧನಾ ಶುಲ್ಕವೇ ಇಲ್ಲ. ಫೀಸೇ ಇಲ್ಲದ ಮೇಲೆ ಸಾಲ ಯಾಕೆ ಅಂತ ಅಧಿಕಾರಿ ಕೇಳುತ್ತಾರೆ. ಸೆಮಿಸ್ಟರ್ ವಂತಿಗೆ ನಮೂದಿಸಿರುವ ಪ್ರವೇಶ ಪತ್ರ, ಜೀವನ ವೆಚ್ಚದ ಬಗ್ಗೆ ವಿಶ್ವವಿದ್ಯಾಲಯದ ಪುಟದ ಮುದ್ರಣ, 11,904 ಯೂರೋ ಬೇಕೆನ್ನುವ ಜರ್ಮನ್ ದೂತಾವಾಸದ ಸೂಚನೆಯ ಮುದ್ರಣ, ಈ ಮೂರನ್ನೂ ಅರ್ಜಿಗೆ ಲಗತ್ತಿಸಿ.

ಎರಡನೆಯದು, ಹಣ ಬಿಡುಗಡೆ. ಜೀವನ ವೆಚ್ಚವನ್ನು ಸೆಮಿಸ್ಟರ್‌ಗೊಂದು ಕಂತಿನಂತೆ ಬಿಡುವುದು ಬ್ಯಾಂಕಿನ ರೂಢಿ. ಬ್ಲಾಕ್ಡ್ ಅಕೌಂಟಿಗೆ ಒಂದು ವರ್ಷದ್ದು ಒಟ್ಟಿಗೆ ಬೇಕು. ಮಂಜೂರಾತಿ ಪತ್ರದಲ್ಲೇ ಬ್ಲಾಕ್ಡ್ ಅಕೌಂಟ್‌ಗೆ ಒಂದೇ ಕಂತಿನಲ್ಲಿ, ವೀಸಾಕ್ಕೆ ಮುಂಚೆ ಬಿಡುಗಡೆ ಅನ್ನುವ ಸಾಲು ಇರಬೇಕು. ಕೆಲವು ಶಾಖೆಗಳು ವೀಸಾ ತಂದರೆ ಮಾತ್ರ ಹಣ ಅಂತಾವೆ. ಜರ್ಮನಿಗೆ ಅದು ತಿರುಗುಮುರುಗು, ಹಣವಿಲ್ಲದೆ ವೀಸಾ ಇಲ್ಲ. ಸಹಿ ಹಾಕೋ ಮುಂಚೆ ಇದನ್ನು ಓದಿ, ಇಲ್ಲದಿದ್ದರೆ ತಿದ್ದುಪಡಿಗೆ ಮತ್ತೆ ಮೇಲಿನ ಕಚೇರಿಗೆ ಹೋಗುತ್ತದೆ.

4 ಲಕ್ಷ ಮೀರಿದ ವಿದೇಶಿ ಓದಿನ ಸಾಲಕ್ಕೆ ಮಾದರಿ ಯೋಜನೆಯಲ್ಲಿ 15% ಮಾರ್ಜಿನ್, ಅಂದರೆ ನಿಮ್ಮ ಪಾಲು. ಅದನ್ನು ಮುಂಚೆಯೇ ಪೂರ್ತಿ ತೋರಿಸಬೇಕಿಲ್ಲ, ಹಣ ಬಿಡುಗಡೆಯಾದ ಹಾಗೆ ಹಾಕಿದರೆ ಸಾಕು. ಸ್ಕಾಲರ್‌ಶಿಪ್ ಬಂದಿದ್ದರೆ ಅದನ್ನೂ ಮಾರ್ಜಿನ್ ಅಂತ ಪರಿಗಣಿಸುತ್ತಾರೆ.

ಅರ್ಜಿ ತಿರಸ್ಕರಿಸಿದರೆ ಬಾಯಿಮಾತು ಕೇಳಿ ಎದ್ದು ಬರಬೇಡಿ, ಕಾರಣ ಬರಹದಲ್ಲಿ ಕೇಳಿ. ತಿರಸ್ಕಾರಕ್ಕೆ ಶಾಖೆಯ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಒಂದೇ ಅರ್ಜಿಯನ್ನು ಮೂರು ಬ್ಯಾಂಕಿಗೆ ಹಾಕಬಹುದು. ಪೋರ್ಟಲ್ ಸಂಖ್ಯೆ ಇದ್ದರೆ ನೀವು ಯಾವತ್ತು ಹೋಗಿದ್ದಿರಿ ಅನ್ನೋದಕ್ಕೆ ದಾಖಲೆ ಇರುತ್ತದೆ.

ಹಾಸನದ ಓದುಗ:
ಮಧ್ಯೆ ಒಂದು ಪ್ರಶ್ನೆ ಸರ್. ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೇ ಇಲ್ಲ, ಬಡ್ಡಿ ಸಹಾಯಧನವೂ ಇದೆ ಅಂತಾರಲ್ಲ, ಅದನ್ನೇ ತಗೋಬಹುದಲ್ಲವಾ?

ಶಾಖೆಯ ಹಳಬ:
ಇಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಭಾರತದ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ನಾನು ಹೇಳಿದ್ದು 2015ರಿಂದ ಇರುವ ಹಳೆಯ ವಿದ್ಯಾಲಕ್ಷ್ಮಿ ಅರ್ಜಿ ಪೋರ್ಟಲ್. ಹೆಸರು ಒಂದೇ ಥರ ಇರೋದರಿಂದ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ.

ಧಾರವಾಡದ ವಿದೇಶ ವಿಭಾಗ:
ಎಲ್ಲಾರೂ ಸಾಲದ ಮ್ಯಾಲೇ ಕುಂತೀರಿ. ಸಾಲಕ್ಕಿಂತ ಮೊದಲ ಕೇಳಬೇಕಾದ್ದು, ಈ ಹುಡುಗಿ ಯಾವ ವರ್ಗದಾಗ ಬರ್ತಾಳ, ಮನಿ ಆದಾಯ ಎಷ್ಟು ಅಂತ. ಅದರ ಮ್ಯಾಲೆ ಲೆಕ್ಕ ಪೂರಾ ಬದಲಾಗತದ.

ಪರಿಶಿಷ್ಟ ಜಾತಿ ಆಗಿದ್ದರ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಅದ: ವರ್ಷಕ್ಕ 125 ಸ್ಥಾನ, ಅದರಾಗ 115 ಪರಿಶಿಷ್ಟ ಜಾತಿಗೆ, ಉಳಿದದ್ದು ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. 30% ಹೆಣ್ಣುಮಕ್ಕಳಿಗೆ. ಮನಿ ಆದಾಯ ವರ್ಷಕ್ಕ 8 ಲಕ್ಷದೊಳಗ, ವಯಸ್ಸು 35ರೊಳಗ, ಅರ್ಹತಾ ಪರೀಕ್ಷೆಯೊಳಗ 60%. ವಿಶ್ವವಿದ್ಯಾಲಯ ಕ್ಯೂಎಸ್ ಅನ್ನೋ ಜಾಗತಿಕ ಶ್ರೇಯಾಂಕ ಪಟ್ಟಿಯ ಮೊದಲ 500ರಾಗ ಇರಬೇಕು, ಪ್ರವೇಶ ಪತ್ರದಾಗ ಷರತ್ತು ಇರಬಾರದು. ಫೀಸು, ವಿಮಾನ, ವಿಮೆ, ಜೊತಿಗೆ ವರ್ಷಕ್ಕ 15,400 ಡಾಲರ್ ಜೀವನ ವೆಚ್ಚ. ಡಾರ್ಮ್‌ಸ್ಟಾಟ್, ಸ್ಟುಟ್‌ಗಾರ್ಟ್ ಎರಡೂ 500ರೊಳಗ ಅದಾವ. ಆದರ ಹೊಖ್‌ಶೂಲೆ ಅಂತ ಕರೆಯೋ ಅನ್ವಯಿಕ ವಿಜ್ಞಾನ ಕಾಲೇಜುಗಳು ಎಷ್ಟು ಚಲೋ ಇದ್ದರೂ ಆ ಪಟ್ಟಿಯಾಗ ಬರೂದಿಲ್ಲ. ಅರ್ಜಿ ಹಾಕೂಕಿಂತ ಮೊದಲ ಇದನ್ನ ನೋಡದೇ ಹುಡುಗರು ಕೈ ಸುಟ್ಟುಕೋತಾರ. ಪರಿಶಿಷ್ಟ ಜಾತಿ-ಪಂಗಡದ ಮಕ್ಕಳಿಗೆ ನಮ್ಮ ರಾಜ್ಯದ್ದೇ ಪ್ರಬುದ್ಧ ಯೋಜನೆನೂ ಅದ.

ಹಿಂದುಳಿದ ವರ್ಗ ಆಗಿದ್ದು ಆದಾಯ 8 ಲಕ್ಷದೊಳಗಿದ್ದರ, ಡಾ. ಅಂಬೇಡ್ಕರ್ ಹೆಸರಿನ ಬಡ್ಡಿ ಸಹಾಯಧನ ಅದ, ಮಾಸ್ಟರ್ಸ್ ಮತ್ತ ಪಿಎಚ್‌ಡಿಗೆ. ಕಂತು ಶುರು ಆಗೂತನಕ ಬೀಳೋ ಬಡ್ಡಿ ಸರ್ಕಾರ ಕೊಡತದ, ಕೆನರಾ ಬ್ಯಾಂಕ್ ನೋಡಲ್ ಬ್ಯಾಂಕು. ಆದರ ಸಾಲ ಐಬಿಎ ಮಾದರಿ ಯೋಜನೆಯಡಿ ಬ್ಯಾಂಕಿನಿಂದನ ತಗೊಂಡಿರಬೇಕು. ಮೈಸೂರಿನ ಸರ ಹೇಳಿದ ಫೈನಾನ್ಸ್ ಕಂಪನಿ ಸಾಲಕ್ಕ ಇದು ಸಿಗೂದಿಲ್ಲ, ಅದನ್ನ ಅವರು ಹೇಳಲಿಲ್ಲ. ಅಲ್ಪಸಂಖ್ಯಾತರಿಗಿದ್ದ ಪಢೋ ಪರದೇಶ ಮಾತ್ರ 2022-23ರಿಂದ ನಿಂತದ. ಅವರು ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶಿ ವ್ಯಾಸಂಗ ಸಾಲ ಕೇಳಬೇಕು.

ಮೈಸೂರು ಮಾರ್ಗದರ್ಶಿ:
ಬಡ್ಡಿ ಸಹಾಯಧನದ ಮಾತು ಸರಿ, ಆ ಅರ್ಹತೆ ಇರುವವರಿಗೆ ನಾನೂ ಬ್ಯಾಂಕನ್ನೇ ಹೇಳುತ್ತೇನೆ. ಅರ್ಹತೆ ಇಲ್ಲದವರ ಸಮಯದ ಸಮಸ್ಯೆ ಹಾಗೇ ಉಳಿಯಿತು. ತುರ್ತಿಗೆ ಫೈನಾನ್ಸ್ ಕಂಪನಿ ಸಾಲ ತೆಗೆದು, ಕೆಲಸ ಸಿಕ್ಕ ಮೇಲೆ ಸರ್ಕಾರಿ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಬಹುದು. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲಕ್ಕೆ ಮುಂಚಿತ ತೀರುವಳಿ ದಂಡ ಹಾಕುವ ಹಾಗಿಲ್ಲ.

ಶಾಖೆಯ ಹಳಬ:
ದಂಡವಿಲ್ಲ, ನಿಜ. ಆದರೆ ವರ್ಗಾಯಿಸಿಕೊಳ್ಳುವ ಬ್ಯಾಂಕು 15 ಲಕ್ಷಕ್ಕೆ ಆಗಲೂ ಅಡಮಾನ ಕೇಳುತ್ತದೆ. ಇವತ್ತು ತಪ್ಪಿಸಿಕೊಂಡ ಕೆಲಸವನ್ನೇ ನಾಳೆ ಮಾಡಬೇಕು.

ಅಡಮಾನದ ಮಾತು ಬಂದಿದ್ದಕ್ಕೆ ಈ ಮನೆಯ ಆಸ್ತಿ ನೋಡೋಣ. ಜಮೀನನ್ನು ಮರೆತುಬಿಡಿ. ಕೃಷಿ ಭೂಮಿ ಸರ್ಫೇಸಿ ಕಾಯ್ದೆಯ (ಬಾಕಿ ಸಾಲಕ್ಕೆ ಬ್ಯಾಂಕು ಅಡವಿನ ಆಸ್ತಿ ಜಪ್ತಿ ಮಾಡುವ ಕಾನೂನು) ವ್ಯಾಪ್ತಿಗೆ ಬರೋದಿಲ್ಲ, 31ನೇ ಕಲಮಿನಲ್ಲೇ ವಿನಾಯಿತಿ ಇದೆ, ಹಾಗಾಗಿ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಒಪ್ಪೋದಿಲ್ಲ. ಅದೂ ಅಲ್ಲದೆ ಪೌತಿ ಖಾತೆ ಆಗಿಲ್ಲ, ತಾತನ ಎಲ್ಲ ಮಕ್ಕಳೂ ಹಕ್ಕುದಾರರು. ಮನೆಗೆ ಬೇಕಾದ್ದು: ಕ್ರಯಪತ್ರ ಮತ್ತು ಅದರ ಹಿಂದಿನ ಮೂಲ ಪತ್ರಗಳು, ಇ-ಖಾತಾ, ಈ ವರ್ಷದ ಕಂದಾಯ ರಸೀದಿ, ಬ್ಯಾಂಕಿನ ವಕೀಲರು ಕೇಳಿದಷ್ಟು ವರ್ಷದ ಇಸಿ (ಋಣಭಾರ ಪತ್ರ), ಮಂಜೂರಾದ ನಕ್ಷೆ. ಬಿ-ಖಾತಾ ಅಥವಾ ಕಂದಾಯ ನಿವೇಶನ ಆಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಮನೆ ಪಿತ್ರಾರ್ಜಿತವಾಗಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಸಹಿ ಹಾಕಬೇಕು. ಎಷ್ಟೋ ಅರ್ಜಿಗಳು ಬಡ್ಡಿದರದ ಮೇಲಲ್ಲ, ಈ ಸಹಿಗಳ ಮೇಲೆ ಬಿದ್ದು ಹೋಗುತ್ತವೆ. ಇದಕ್ಕೆಲ್ಲ ಪ್ರವೇಶ ಪತ್ರ ಬರೋ ತನಕ ಕಾಯಬಾರದು. ಇ-ಖಾತಾ, ಇಸಿ ಎರಡನ್ನೂ ಜನವರಿಯಲ್ಲೇ ತೆಗೆದಿಟ್ಟರೆ ಮೈಸೂರಿನವರು ಹೇಳುವ ಸಮಯದ ಸಮಸ್ಯೆ ಅರ್ಧ ಕರಗುತ್ತದೆ.

ಕಲ್ಪತರು ಲೆಕ್ಕಿಗ:
ಈ ಪಟ್ಟಿ ನೋಡಿದ ಮೇಲೆ ನನ್ನ 7.5 ಲಕ್ಷದ ದಾರಿ ಇನ್ನೂ ಹತ್ತಿರ ಅನ್ನಿಸುತ್ತದೆ. ಇರಲಿ, ತೆರಿಗೆ ಬಗ್ಗೆ ಯಾರೂ ಹೇಳಿಲ್ಲ.

ವಿದೇಶಕ್ಕೆ ಹಣ ಕಳಿಸಿದರೆ 20% ಹಿಡಿಯುತ್ತಾರೆ ಅನ್ನೋ ಹೆದರಿಕೆ ಎಲ್ಲ ಕಡೆ ಇದೆ. 2025-26ನೇ ಸಾಲಿನಲ್ಲಿ ಇದ್ದದ್ದು ಹೀಗೆ: ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಟಿಸಿಎಸ್ (ಹಣ ಕಳಿಸುವಾಗ ಬ್ಯಾಂಕು ಹಿಡಿಯುವ ತೆರಿಗೆ) ಸೊನ್ನೆ. ಸ್ವಂತ ಹಣವನ್ನು ಓದಿಗೆ ಕಳಿಸಿದರೆ, ಒಬ್ಬರ ಪ್ಯಾನ್‌ನಲ್ಲಿ ವರ್ಷಕ್ಕೆ 10 ಲಕ್ಷದವರೆಗೆ ಸೊನ್ನೆ, ಅದರ ಮೇಲಿನ ಭಾಗಕ್ಕೆ 5%. ಆ ದರದಲ್ಲಿ ಈ ತಂದೆ 12 ಲಕ್ಷ ಪೂರ್ತಿ ತಾವೇ ಕಳಿಸಿದರೂ 2 ಲಕ್ಷದ 5%, ಹತ್ತು ಸಾವಿರ. ಅದೂ ರಿಟರ್ನ್ಸ್ ಹಾಕಿದಾಗ ವಾಪಸ್ ಅಥವಾ ತೆರಿಗೆಗೆ ವಜಾ. ತಾಯಿಯ ಪ್ಯಾನ್‌ನಿಂದ ಅರ್ಧ ಕಳಿಸಿದರೆ ಅದೂ ಇಲ್ಲ.

ಆದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿಗೆ ಕೊಡುವ ಫಾರ್ಮ್ ಎ2ನಲ್ಲಿ ಉದ್ದೇಶದ ಕೋಡ್ ನೋಡಿ. ಓದಿಗೆ ಎಸ್0305. ಬ್ಲಾಕ್ಡ್ ಅಕೌಂಟ್ ಅನ್ನೋ ಹೆಸರು ನೋಡಿ ವಿದೇಶದಲ್ಲಿ ಖಾತೆ ತೆರೆಯುವ ಎಸ್0023 ಹಾಕಿದರೆ, ಅಥವಾ ಕುಟುಂಬ ನಿರ್ವಹಣೆಯ ಎಸ್1301 ಹಾಕಿದರೆ, ಅದು ಓದಿನ ಲೆಕ್ಕಕ್ಕೆ ಬರೋದಿಲ್ಲ. ಆಗ 10 ಲಕ್ಷದ ಮೇಲೆ 20%. ಪ್ರವೇಶ ಪತ್ರದ ಪ್ರತಿ ಜೊತೆಗೆ ಕೊಟ್ಟು ಕೋಡನ್ನು ಕಣ್ಣಾರೆ ನೋಡಿ ಸಹಿ ಹಾಕಿ.

ಶಿಕ್ಷಣ ಸಾಲದ ಬಡ್ಡಿಗೆ ಸಿಗುವ 80ಇ ಆದಾಯ ತೆರಿಗೆ ವಿನಾಯಿತಿ ಬಗ್ಗೆ: ಕಟ್ಟಿದ ಬಡ್ಡಿ ಪೂರ್ತಿ ಕಳೆಯಬಹುದು, ಎಂಟು ವರ್ಷದವರೆಗೆ, ಆದರೆ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹುಡುಗಿ ಜರ್ಮನಿಯಲ್ಲಿ ದುಡಿದು ಕಟ್ಟಿದರೆ ಅವಳಿಗೆ ಇಲ್ಲಿ ತೆರಿಗೆಯೇ ಇಲ್ಲ, ಏನೂ ಉಪಯೋಗವಿಲ್ಲ. ತಂದೆ ಸಾಲಗಾರರಾಗಿ ತಮ್ಮ ಆದಾಯದಿಂದ ಕಟ್ಟಿದರೆ, ಹಳೆ ಪದ್ಧತಿಯಲ್ಲಿದ್ದರೆ, ಆಗ ಮಾತ್ರ ಲಾಭ. 80ಇ ತೋರಿಸಿ ಯಾರಾದರೂ ಸಾಲ ಮಾರಿದರೆ ಈ ಪ್ರಶ್ನೆ ಕೇಳಿ.

ಮೈನ್ ನದಿ ಕನ್ನಡಿಗ:
ಹಣ ಕಳಿಸುವಾಗ ಇನ್ನೊಂದು. ಬ್ಯಾಂಕ್ ಶುಲ್ಕದ ಆಯ್ಕೆಯಲ್ಲಿ ಅವರ್ ಅಂತ ಹಾಕಿಸಿ, ಅಂದರೆ ಎಲ್ಲ ಶುಲ್ಕ ಕಳಿಸುವವರದ್ದೇ. ಷೇರ್ಡ್ ಹಾಕಿದರೆ ಮಧ್ಯದ ಬ್ಯಾಂಕು ಹತ್ತಿಪ್ಪತ್ತು ಯೂರೋ ಕತ್ತರಿಸಿಕೊಳ್ಳುತ್ತದೆ. ಖಾತೆಯಲ್ಲಿ 11,904ಕ್ಕೆ ಒಂದು ಯೂರೋ ಕಡಿಮೆ ಬಿದ್ದರೂ ದೃಢೀಕರಣ ಪತ್ರ ಬರೋದಿಲ್ಲ. ಕೊರತೆ ತುಂಬೋಕೆ ಮತ್ತೆ ಕಳಿಸಬೇಕು, ಮತ್ತೆ ಶುಲ್ಕ, ಮತ್ತೆ ನಾಲ್ಕು ದಿನ. ಸಂಸ್ಥೆಯ ಸ್ಥಾಪನಾ ಶುಲ್ಕವನ್ನೂ ಸೇರಿಸಿ, ಮೇಲೊಂದು 50 ಯೂರೋ ಜಾಸ್ತಿ ಕಳಿಸೋದು ಒಳ್ಳೆಯದು. ಹೆಚ್ಚಿಗೆ ಹೋದದ್ದು ಇಲ್ಲಿ ಬಂದ ಮೇಲೆ ನಿಮಗೇ ಸಿಗುತ್ತದೆ.

ಇನ್ನು ಎರಡು ಊರಿನ ನಡುವೆ ಆಯ್ಕೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ಹಾಕುತ್ತಿದೆ. ನಾಲ್ಕು ಸೆಮಿಸ್ಟರ್‌ಗೆ 6,000, ಅಂದರೆ 6 ಲಕ್ಷ ರೂಪಾಯಿ. ಅಲ್ಲಿ ವಾಹನ ಕಂಪನಿಗಳು ಹೆಚ್ಚು, ಅದು ಒಂದು ತೂಕ. ಆದರೆ ಈ ಮನೆಯ ಪರಿಸ್ಥಿತಿಯಲ್ಲಿ ನಾನು ಡಾರ್ಮ್‌ಸ್ಟಾಟ್ ಅನ್ನುತ್ತೇನೆ.

ಓದು ನಾಲ್ಕೇ ಸೆಮಿಸ್ಟರ್‌ಗೆ ಮುಗಿಯುತ್ತೆ ಅಂತಲೂ ಲೆಕ್ಕ ಕಟ್ಟಬೇಡಿ. ಕೆಲಸ ಮಾಡುತ್ತಾ ಓದುವವರಿಗೆ ಐದು, ಆರು ಸೆಮಿಸ್ಟರ್ ಇಲ್ಲಿ ಸಾಮಾನ್ಯ. ಬ್ಯಾಂಕಿನ ಕಂತು ಶುರುವಾಗೋದು ಮಂಜೂರಾತಿ ಪತ್ರದಲ್ಲಿರುವ ಅವಧಿಯಿಂದ ಅಲ್ಲವೇ ಹಳಬರೇ?

ಶಾಖೆಯ ಹಳಬ:
ಹೌದು. ಮಾದರಿ ಯೋಜನೆಯಲ್ಲಿ ಓದಿನ ಅವಧಿಯನ್ನು ಎರಡು ವರ್ಷದವರೆಗೆ ವಿಸ್ತರಿಸಲು ಅವಕಾಶ ಇದೆ, ಆದರೆ ತಾನಾಗಿ ಆಗೋದಿಲ್ಲ. ವಿಶ್ವವಿದ್ಯಾಲಯದ ನೋಂದಣಿ ಪತ್ರ ಮತ್ತು ವಿಳಂಬದ ಕಾರಣ ಬರೆದ ಪತ್ರವನ್ನು ಹಳೆ ಅವಧಿ ಮುಗಿಯುವ ಮುಂಚೆ ಶಾಖೆಗೆ ಕೊಡಬೇಕು. ಕೊಡದಿದ್ದರೆ ಕಂಪ್ಯೂಟರ್ ಕಂತು ಎಳೆಯಲು ಶುರು ಮಾಡುತ್ತದೆ, ತೊಂಬತ್ತು ದಿನ ಕಳೆದರೆ ಸಾಲ ಎನ್‌ಪಿಎ (ಕಟ್ಟುಬಾಕಿ ಸಾಲ), ತಂದೆ-ಮಗಳಿಬ್ಬರ ಸಿಬಿಲ್ಲೂ ಹಾಳು.

ಹಾಸನದ ಓದುಗ:
ನಮ್ಮ ಕಡೆ ಒಬ್ಬ ಏಜೆಂಟ್, ಬ್ಲಾಕ್ಡ್ ಅಕೌಂಟಿಗೆ ನಾವೇ ದುಡ್ಡು ತುಂಬಿಸುತ್ತೇವೆ, ಅಲ್ಲಿ ಹೋದ ಮೇಲೆ ಬಡ್ಡಿ ಸಮೇತ ತಿಂಗಳು ತಿಂಗಳು ವಾಪಸ್ ಕೊಡಿ ಅಂತಿದ್ದಾನೆ. ಪರವಾಗಿಲ್ಲವಾ?

ಮೈನ್ ನದಿ ಕನ್ನಡಿಗ:
ದಯವಿಟ್ಟು ಬೇಡ. ಬರುವ 992 ಯೂರೋವೇ ಬಾಡಿಗೆ, ವಿಮೆ, ಊಟ ಎಲ್ಲಕ್ಕೂ. ಅದನ್ನು ಏಜೆಂಟನಿಗೆ ಕೊಟ್ಟರೆ ಹುಡುಗರು ಮೊದಲ ತಿಂಗಳಿಂದಲೇ ಗೋದಾಮಿನಲ್ಲಿ ರಾತ್ರಿ ಪಾಳಿ ಹುಡುಕಬೇಕು, 140 ದಿನದ ಮಿತಿ ದಾಟುತ್ತಾರೆ, ಪರೀಕ್ಷೆ ಬಿಡುತ್ತಾರೆ. ಬರಹದಲ್ಲಿಲ್ಲದ ಸಾಲ ಬೇರೆ.

ಮೈಸೂರು ಮಾರ್ಗದರ್ಶಿ:
ಇದರಲ್ಲಿ ನಾನೂ ಪೂರ್ತಿ ಒಪ್ಪುತ್ತೇನೆ. ಹೀಗೆ ಹಣ ತುಂಬಿಸುವವರಿಂದ ದೂರ ಇರಿ.

ಧಾರವಾಡದ ವಿದೇಶ ವಿಭಾಗ:
ಅಲ್ಲಿ ಹೋದ ಮ್ಯಾಲೂ ಸ್ಕಾಲರ್‌ಶಿಪ್ ಅದಾವ್ರೀ. ಡಾಯ್ಚ್‌ಲ್ಯಾಂಡ್ ಸ್ಟಿಪೆಂಡಿಯಂ ತಿಂಗಳಿಗೆ 300 ಯೂರೋ, ಅರ್ಧ ಜರ್ಮನ್ ಸರ್ಕಾರ, ಅರ್ಧ ಖಾಸಗಿ ದಾನಿಗಳು ಕೊಡ್ತಾರ. ಯಾವ ದೇಶದವರಾದರೂ ಹಾಕಬಹುದು, ಅರ್ಜಿ ಅವರವರ ವಿಶ್ವವಿದ್ಯಾಲಯಕ್ಕ. ಪಕ್ಷಗಳಿಗೆ ಹತ್ತಿರ ಇರೋ ಪ್ರತಿಷ್ಠಾನಗಳು, ಹೈನ್‌ರಿಖ್ ಬ್ಯೋಲ್, ಫ್ರೀಡ್‌ರಿಖ್ ಎಬರ್ಟ್ ಇಂಥಾವು, ಪೂರ್ತಿ ವೇತನ ಕೊಡತಾವ, ಆದರ ಸಮಾಜ ಸೇವೆಯ ಹಿನ್ನೆಲೆ ಮತ್ತ ಚಲೋ ಜರ್ಮನ್ ಭಾಷೆ ಬೇಕು. ಮುಂದಿನ ವರ್ಷಕ್ಕ ಯೋಚನೆ ಮಾಡೋರು ಯುರೋಪಿಯನ್ ಒಕ್ಕೂಟದ ಮಾಸ್ಟರ್ಸ್ ಸ್ಕಾಲರ್‌ಶಿಪ್ ಎರಾಸ್ಮಸ್ ಮುಂಡಸ್ ನೋಡ್ರಿ: ಫೀಸು ಇಲ್ಲ, ತಿಂಗಳಿಗೆ 1,400 ಯೂರೋ, 24 ತಿಂಗಳತನಕ. ಅರ್ಜಿ ಬಹುತೇಕ ಅಕ್ಟೋಬರ್‌ನಿಂದ ಜನವರಿಯೊಳಗ. ಸಾಲದ ಬಾಗಿಲಿಗೆ ಹೋಗೂಕಿಂತ ಒಂದು ವರ್ಷ ಮೊದಲ ಇದರ ಬಾಗಿಲು ತಟ್ಟಬೇಕು.

ಹಾಸನದ ಓದುಗ:
ಮೇಡಂ, ಬಿಇ ಮೂರನೇ ವರ್ಷದಲ್ಲಿರುವವರಿಗೆ ವಿದೇಶದಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಬ್ಯಾಂಕ್ ಸಾಲ ಸಿಗುತ್ತದಾ?

ಧಾರವಾಡದ ವಿದೇಶ ವಿಭಾಗ:
ಸಾಮಾನ್ಯವಾಗಿ ಸಿಗೂದಿಲ್ಲ. ಶಿಕ್ಷಣ ಸಾಲ ಪದವಿ, ಡಿಪ್ಲೊಮಾ ಕೋರ್ಸಿಗೆ. ಇಂಟರ್ನ್‌ಶಿಪ್‌ಗೆ ದುಡ್ಡು ಕೊಡೋ ಕಾರ್ಯಕ್ರಮನ ಹುಡುಕಬೇಕು. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ವೈಸ್ ಅನ್ನೋ ಕಾರ್ಯಕ್ರಮ ಅದ, ಜರ್ಮನ್ ಪ್ರಾಧ್ಯಾಪಕರಿಂದ ಆಹ್ವಾನ ಪತ್ರ ತಗೊಂಡು ಅರ್ಜಿ ಹಾಕಬೇಕು, ತಿಂಗಳ ವೇತನ ಮತ್ತ ಪ್ರಯಾಣ ಭತ್ಯೆ ಕೊಡ್ತಾರ. ಕೆನಡಾಕ್ಕ ಮೈಟ್ಯಾಕ್ಸ್ ಗ್ಲೋಬಲಿಂಕ್, 12 ವಾರ. ತಾಂತ್ರಿಕ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ವಿನಿಮಯ ಸಂಸ್ಥೆ ಐಎಇಎಸ್‌ಟಿಇ ಮೂಲಕ ಹೋದರ ಅಲ್ಲಿನ ಖರ್ಚಿಗೆ ಆಗೋ ಅಷ್ಟು ವೇತನ ಬರತದ, ವಿಮಾನದ ದುಡ್ಡು ನಿಮ್ಮದ. ಮಣಿಪಾಲದಾಗ ಅದರ ಸ್ಥಳೀಯ ಸಮಿತಿ ಅದ. ಪ್ರಾಧ್ಯಾಪಕರಿಗೆ ಪತ್ರ ಬರಿಯೂದು ಆಗಸ್ಟ್-ಸೆಪ್ಟೆಂಬರ್‌ದಾಗ ಶುರು ಮಾಡ್ರಿ. ಅವರ ಒಂದು ಪ್ರಬಂಧ ಓದಿ, ಅದರಾಗ ನೀವು ಏನು ಮಾಡಬಲ್ಲಿರಿ ಅಂತ ನಾಲ್ಕು ಸಾಲು ಬರೀರಿ. ಒಂದೇ ಪತ್ರ ನೂರು ಮಂದಿಗೆ ಕಳಿಸಿದರ ಯಾರೂ ಉತ್ತರ ಕೊಡೂದಿಲ್ಲ. ವಿಟಿಯು ಸಮ ಸೆಮಿಸ್ಟರ್ ಪರೀಕ್ಷೆ ಜೂನ್-ಜುಲೈಗೆ ಜಾರೂದು ಉಂಟು, ಹಂಗಾಗಿ ಹೋಗೋ ದಿನಾಂಕ ಬರಿಯೂಕಿಂತ ಮೊದಲ ಕಾಲೇಜಿನಿಂದ ಪರೀಕ್ಷಾ ವೇಳಾಪಟ್ಟಿ ಕೇಳಿಕೊಳ್ರಿ.

ನಿರ್ವಾಹಕ:
ಆ ಮನೆಯವರ ಕೊನೆಯ ಪ್ರಶ್ನೆ: ಹಣ ಹಾಕಿದ ಮೇಲೆ ವೀಸಾ ತಿರಸ್ಕಾರವಾದರೆ?

ಮೈನ್ ನದಿ ಕನ್ನಡಿಗ:
ಬ್ಲಾಕ್ಡ್ ಅಕೌಂಟಿನ ಹಣ ವಾಪಸ್ ಬರುತ್ತದೆ. ತಿರಸ್ಕಾರದ ಪತ್ರವನ್ನು ಆ ಸಂಸ್ಥೆಗೆ ಕಳಿಸಬೇಕು, ಸ್ಥಾಪನಾ ಶುಲ್ಕ ಮಾತ್ರ ಸಾಮಾನ್ಯವಾಗಿ ಹೋಗುತ್ತದೆ. 2025ರ ಜುಲೈ 1ರಿಂದ ವೀಸಾ ತಿರಸ್ಕಾರದ ಮರುಪರಿಶೀಲನೆಗೆ ಉಚಿತ ಮನವಿ ಹಾಕುವ ಕ್ರಮ ನಿಂತಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು. ಹೊಸ ಅರ್ಜಿಯ ಯೋಚನೆ ಇದ್ದರೆ ಹಣ ಅಲ್ಲೇ ಇರಲಿ.

ಶಾಖೆಯ ಹಳಬ:
ಸಾಲದ ಹಣವಾದರೆ ವಾಪಸ್ ಬಂದದ್ದು ಸಾಲದ ಖಾತೆಗೇ ಜಮಾ ಆಗಬೇಕು, ಉಳಿತಾಯ ಖಾತೆಗಲ್ಲ. ಅಷ್ಟು ದಿನದ ಬಡ್ಡಿ, ಯೂರೋ ಕೊಂಡ ದರಕ್ಕೂ ಮಾರಿದ ದರಕ್ಕೂ ನಡುವಿನ ವ್ಯತ್ಯಾಸ, ಎರಡೂ ನಿಮ್ಮ ತಲೆ ಮೇಲೆ ಬೀಳುತ್ತವೆ. 12 ಲಕ್ಷಕ್ಕೆ ಎರಡು ತಿಂಗಳಿಗೆ 10% ಅಂದರೆ ಬಡ್ಡಿ 20,000. ಅದನ್ನು ಕೂಡಲೇ ಕಟ್ಟಿ ಸಾಲ ಮುಚ್ಚಿಸಿ, ಬಾಕಿ ಇಲ್ಲ ಅನ್ನೋ ಪತ್ರ ತೆಗೆದುಕೊಳ್ಳಿ. ಮನೆ ಪತ್ರ ಇಟ್ಟಿದ್ದರೆ ಉಪನೋಂದಣಿ ಕಚೇರಿಯಲ್ಲಿ ಅಡಮಾನ ಬಿಡುಗಡೆಯನ್ನೂ ನೋಂದಾಯಿಸಿ, ಇಲ್ಲದಿದ್ದರೆ ಇಸಿಯಲ್ಲಿ ಸಾಲ ಹಾಗೇ ಕಾಣುತ್ತಿರುತ್ತದೆ.